ಗರಿಷ್ಠ ಹಾರ್ಸ್‌ಪವರ್ ಬಿಟ್ಟು 4,000 ಆರ್‌ಪಿಎಂ ನೋಡಿ ಹೆಡರ್ ಆರಿಸಿದೆ

ಹೆಡರ್ ಅಂದರೆ ಎಂಜಿನ್‌ನ ಸಿಲಿಂಡರುಗಳಿಂದ ಸುಟ್ಟ ಗ್ಯಾಸನ್ನು ಹೊರಗೆ ಒಯ್ದು ಒಟ್ಟು ಸೇರಿಸುವ ಪೈಪುಗಳ ಗುಂಪು. ಅದನ್ನು ಮಾರುವವರೆಲ್ಲ ಮೊದಲು ತೋರಿಸುವುದು ಒಂದೇ ಅಂಕಿ: ಗರಿಷ್ಠ ಹಾರ್ಸ್‌ಪವರ್. ನನ್ನ 2013ರ ಸಯನ್ ಎಫ್‌ಆರ್-ಎಸ್‌ಗೆ ಹೆಡರ್ ಹುಡುಕುವಾಗ ಆ ಅಂಕಿಯನ್ನು ಕೊನೆಗೆ ನೋಡಿದೆ. ಟ್ರ್ಯಾಕ್ ಮೇಲೆ ಕಾರು ಎಲ್ಲಿ ಸೊರಗುತ್ತದೆ, ಆಗ ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿರುತ್ತದೆ (ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು) ಅನ್ನುವುದನ್ನು ಮೊದಲು ನೋಡಿದೆ. ಈ ಕಾರಿನ ಮಟ್ಟಿಗೆ ಅದೇ ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಮೊದಲ ತಲೆಮಾರಿನ ಟೊಯೋಟಾ 86, ಸುಬಾರು ಬಿಆರ್‌ಜೆಡ್, ಸಯನ್ ಎಫ್‌ಆರ್-ಎಸ್ ಮೂರರ ಒಳಗೂ ಇರುವುದು ಸುಬಾರುವಿನ ಎಫ್‌ಎ20 ಬಾಕ್ಸರ್ ಎಂಜಿನ್, ಅಂದರೆ ನಾಲ್ಕು ಸಿಲಿಂಡರ್ ಎರಡೆರಡಾಗಿ ಎರಡು ಪಕ್ಕಕ್ಕೆ ಮಲಗಿರುವ ಎಂಜಿನ್. 1,998 ಸಿಸಿ, ನನ್ನ ಕಾರಿನಲ್ಲಿ 7,000 ಆರ್‌ಪಿಎಂನಲ್ಲಿ 200 ಹಾರ್ಸ್‌ಪವರ್. ಒಳ್ಳೆಯ ಎಂಜಿನ್. ಆದರೆ ಸುಮಾರು 3,200ರಿಂದ 4,800 ಆರ್‌ಪಿಎಂ ನಡುವೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಕುಸಿಯುತ್ತದೆ. ಎಂಜಿನ್ ಬಲ ಅಳೆಯುವ ಡೈನೋ ಯಂತ್ರದ ಗೆರೆಯಲ್ಲಿ ಅಲ್ಲೊಂದು ತಗ್ಗು ಎದ್ದು ಕಾಣುತ್ತದೆ. ಊರೊಳಗೆ ಓಡಿಸುವಾಗ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಟ್ರ್ಯಾಕ್ ಮೇಲೆ ಗೊತ್ತಾಗುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಜಾಸ್ತಿ ಓಡಿಸುವುದು ಮಾಂಟೆರೆ ಹತ್ತಿರದ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ. ಈ ಕಾರಿನ ಮೂರನೇ ಗೇರಿನ ಅನುಪಾತ 1.541, ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದ ಮೇಲಿನ ಕೊನೆಯ ಗೇರ್) 4.1. 17 ಇಂಚಿನ ಟೈರಿನಲ್ಲಿ ಲೆಕ್ಕ ಹಾಕಿದರೆ, ಮೂರನೇ ಗೇರಿನಲ್ಲಿ 4,000 ಆರ್‌ಪಿಎಂ ಅಂದರೆ ಗಂಟೆಗೆ ಸುಮಾರು 74 ಕಿ.ಮೀ. ಎರಡನೇ ತಿರುವು, ಕಾರ್ಕ್‌ಸ್ಕ್ರೂ, ಕೊನೆಯ ಹನ್ನೊಂದನೇ ತಿರುವು, ಈ ಮೂರರಿಂದಲೂ ನಾನು ಹೊರಬರುವುದು ಹೆಚ್ಚುಕಮ್ಮಿ ಅದೇ ವೇಗದಲ್ಲಿ. ಅಂದರೆ ಸರಿಯಾಗಿ ಆ ತಗ್ಗಿನ ಒಳಗೆ! ಎರಡನೇ ಗೇರಿಗೆ ಇಳಿಸಬಹುದು. ಆದರೆ ಅದು 97 ಕಿ.ಮೀ. ಹತ್ತಿರ ಮುಗಿದೇ ಹೋಗುತ್ತದೆ. ಸ್ಟೀರಿಂಗ್ ಇನ್ನೂ ಪೂರ್ತಿ ನೇರ ಆಗುವ ಮುಂಚೆಯೇ ಗೇರ್ ಬದಲಿಸಬೇಕಾಗುತ್ತದೆ.

ಇನ್ನೊಂದು ಕಡೆ ನೋಡಿ. 7,400ರಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಿದರೆ ಎಂಜಿನ್ ಇಳಿಯುವುದು 5,800ಕ್ಕೆ. ಎರಡರಿಂದ ಮೂರಕ್ಕೆ ಹಾಕಿದರೂ 5,200ಕ್ಕಿಂತ ಕೆಳಗೆ ಬರುವುದಿಲ್ಲ. ನೇರ ರಸ್ತೆಯಲ್ಲಿ ತಗ್ಗಿನ ಕಾಟವೇ ಇಲ್ಲ. ಕಾಟ ಇರುವುದು ಆ ನಿಧಾನದ ತಿರುವುಗಳಿಂದ ಹೊರಬರುವಾಗ ಮಾತ್ರ. ಅಲ್ಲಿ ಕಳೆದುಕೊಂಡ ವೇಗವನ್ನು ಮುಂದಿನ ನೇರ ರಸ್ತೆಯುದ್ದಕ್ಕೂ ಹೊತ್ತುಕೊಂಡೇ ಹೋಗಬೇಕು, ಅಲ್ವಾ? ಹಾಗಾಗಿ ತುದಿಯಲ್ಲಿ ಐದು ಹಾರ್ಸ್‌ಪವರ್ ಜಾಸ್ತಿ ಕೊಡುವ ಹೆಡರ್‌ಗಿಂತ 4,000ದಲ್ಲಿ ತಗ್ಗು ತುಂಬುವ ಹೆಡರ್ ನನಗೆ ಬೇಕಿತ್ತು.

ಪೈಪಿನ ಉದ್ದ ಮುಖ್ಯವಾಗುವುದು ಇಲ್ಲೇ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಪೈಪುಗಳು ಸೇರುವ ಜಾಗ ತಲುಪಿದಾಗ ಅದು ಹೀರುವ ಅಲೆಯಾಗಿ ವಾಪಸ್ ಬರುತ್ತದೆ. ಗಾಳಿ ಒಳಬರುವ ವಾಲ್ವ್, ಎಕ್ಸಾಸ್ಟ್ ವಾಲ್ವ್ ಎರಡೂ ತೆರೆದಿರುವ ಆ ಸ್ವಲ್ಪ ಹೊತ್ತಿನಲ್ಲಿ ಅದು ಬಂದು ಮುಟ್ಟಿದರೆ, ಸಿಲಿಂಡರಿನ ಸುಟ್ಟ ಗ್ಯಾಸನ್ನು ಎಳೆದು ಹೊಸ ಗಾಳಿಗೆ ಜಾಗ ಮಾಡುತ್ತದೆ. ಅಷ್ಟು ಬಿಸಿ ಗ್ಯಾಸಿನಲ್ಲಿ ಅಲೆಯ ವೇಗ ಸೆಕೆಂಡಿಗೆ 600 ಮೀಟರ್ ಆಸುಪಾಸು. ಎಂಜಿನ್ ಒಂದು ಸುತ್ತು ಹಾಕಲು 7,000ದಲ್ಲಿ 8.6 ಮಿಲಿಸೆಕೆಂಡ್ ಬೇಕು, 4,000ದಲ್ಲಿ 15. ಅಲೆ ಹೋಗಿ ಬರಲು ಅಷ್ಟು ಜಾಸ್ತಿ ಸಮಯ ಇರುವುದರಿಂದ ಕೆಳಗಿನ ಆರ್‌ಪಿಎಂಗೆ ಉದ್ದ ಪೈಪು ಬೇಕು. 7,000ಕ್ಕೆ ಹೊಂದಿಸಿದ ಗಿಡ್ಡ ಪೈಪಿನಲ್ಲಿ 4,000ದ ಅಲೆ ತೀರಾ ಬೇಗ ಬಂದು ವ್ಯರ್ಥವಾಗುತ್ತದೆ.

4-1 ಹೆಡರ್‌ನಲ್ಲಿ ನಾಲ್ಕೂ ಪೈಪು ಒಂದೇ ಕಡೆ ಸೇರುತ್ತವೆ. ಮೇಲಿನ ಆರ್‌ಪಿಎಂನಲ್ಲಿ ಜೋರು, ಆದರೆ ಅದರ ಲಾಭ ಕಿರಿದಾದ ಜಾಗದಲ್ಲಿ. 4-2-1ರಲ್ಲಿ ಎರಡೆರಡು ಸೇರಿ, ಆಮೇಲೆ ಒಂದಾಗುತ್ತವೆ. ಅಲೆ ಎರಡು ಕಡೆಯಿಂದ ತಿರುಗಿ ಬರುವುದರಿಂದ ಲಾಭ ಹರಡಿಕೊಳ್ಳುತ್ತದೆ. ನಾನು 4-2-1 ಅಂತ ತೀರ್ಮಾನಿಸಿದೆ. ಆದರೆ ಯಾವ ಎರಡು ಯಾವುದರ ಜೊತೆ ಸೇರುತ್ತವೆ ಅಂತಲೂ ನೋಡಬೇಕು. ಈ ಎಂಜಿನ್ ಉರಿಯುವ ಕ್ರಮ 1-3-2-4. 1 ಮತ್ತು 3 ಒಂದು ಪಕ್ಕದಲ್ಲಿವೆ, 2 ಮತ್ತು 4 ಇನ್ನೊಂದು ಪಕ್ಕದಲ್ಲಿ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಬಾರದು ಅಂದರೆ 1ರ ಜೊತೆ 2, 3ರ ಜೊತೆ 4 ಸೇರಬೇಕು. ಅದಕ್ಕೆ ಪೈಪುಗಳು ಎಂಜಿನ್ ಕೆಳಗೆ ಆಚೆಯಿಂದ ಈಚೆಗೆ ದಾಟಬೇಕು. ಹಾಗೆ ದಾಟಿಸದೆ ಒಂದೇ ಪಕ್ಕದವನ್ನು ಸೇರಿಸಿ, ಉದ್ದವನ್ನೂ ಏರುಪೇರು ಮಾಡಿದರೆ ಹಳೆಯ ಸುಬಾರುವಿನ ಗುಡುಗುಡು ಸದ್ದು ಸಿಗುತ್ತದೆ. ಆ ಸದ್ದು ನನಗೂ ಇಷ್ಟವೇ. ಆದರೆ ಈ ಕಾರಿಗೆ ಸಮ ಉದ್ದದ್ದೇ ಬೇಕಿತ್ತು. ಸಿಲಿಂಡರಿನಿಂದ ನೇರ ಹೊರಡುವ ಪ್ರೈಮರಿ ಪೈಪಿನ ವ್ಯಾಸ 41 ಮಿ.ಮೀ. ತಗೊಂಡೆ. ಟರ್ಬೊ ಇಲ್ಲದ 500 ಸಿಸಿ ಸಿಲಿಂಡರಿಗೆ ಇನ್ನೂ ದಪ್ಪ ಪೈಪು ಹಾಕಿದರೆ ಗ್ಯಾಸಿನ ವೇಗ ಇಳಿದು ನಡುವಿನ ಟಾರ್ಕ್ ಹೋಗುತ್ತದೆ.

ಇದಾದ ಮೇಲೆ ಹೆಡರ್ ತಯಾರಿಸಿದ ಗುಣಮಟ್ಟ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲಿ. ಅಗ್ಗದ ಒಂದು ಹೆಡರನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಹೊರಗಿನ ವೆಲ್ಡಿಂಗ್ ಕಣ್ಣಿಗೆ ಹಬ್ಬ. ಫ್ಲೇಂಜ್ (ಎಂಜಿನ್‌ಗೆ ನಟ್ಟು ಹಾಕಿ ಕೂರಿಸುವ ತಟ್ಟೆ) ಕಡೆಯಿಂದ ಒಳಗೆ ಟಾರ್ಚ್ ಬಿಟ್ಟೆ. ವೆಲ್ಡಿನ ಹಿಂಭಾಗ ಪೂರ್ತಿ ಕಪ್ಪಗೆ, ಹರಳುಹರಳಾಗಿ ಉಬ್ಬಿತ್ತು. ಬೆರಳು ಹಾಕಿದರೆ ಒರಟೊರಟು. ವೆಲ್ಡ್ ಮಾಡುವಾಗ ಪೈಪಿನೊಳಗೆ ಆರ್ಗಾನ್ ತುಂಬದಿದ್ದರೆ ಸ್ಟೇನ್‌ಲೆಸ್ ಹೀಗೆ ಆಕ್ಸಿಜನ್ ಹಿಡಿದು ಕೆಡುತ್ತದೆ. ಬಿರುಕು ಶುರುವಾಗುವುದೂ ಅಲ್ಲಿಂದಲೇ. ಅದನ್ನು ಅಲ್ಲೇ ವಾಪಸ್ ಇಟ್ಟೆ. ಕೊನೆಗೆ ನಾನು ತಗೊಂಡದ್ದರ ಒಳಮೈ ಹೊರಮೈಯಷ್ಟೇ ಬೆಳ್ಳಗಿತ್ತು. ಪೈಪುಗಳು ಕೂಡುವ ಕಡೆ ನಡುವೆ ಚೂಪಾದ ಮೊನೆ ಮಾಡಿ ಬೆಸೆದಿದ್ದರು, ಚಪ್ಪಟೆ ತಗಡು ಮುಚ್ಚಿರಲಿಲ್ಲ. ಹಣ ಕೊಡುವ ಮುಂಚೆ ಒಳಗಿನ ಫೋಟೋ ಕೇಳಿ. ಕೊಡಲು ಒಪ್ಪದವರಿಂದ ಕೊಳ್ಳಬೇಡಿ.

304 ಸ್ಟೇನ್‌ಲೆಸ್ ಸಾಮಾನ್ಯ. 321ರಲ್ಲಿ ಟೈಟೇನಿಯಂ ಸೇರಿರುವುದರಿಂದ ಹೆಚ್ಚು ಹೊತ್ತು ಕೆಂಪಗೆ ಕಾದರೂ ವೆಲ್ಡಿನ ಪಕ್ಕ ಬೇಗ ಬಿರುಕು ಬಿಡುವುದಿಲ್ಲ. ನಾನು ದುಬಾರಿಯಾದರೂ 321 ಆರಿಸಿದೆ. ಸ್ಟೇನ್‌ಲೆಸ್ ಹಿಗ್ಗುವುದು ಕಡಿಮೆಯೇನಲ್ಲ. ಒಂದು ಮೀಟರ್ ಪೈಪು 700 ಡಿಗ್ರಿ ಬಿಸಿ ಏರಿದರೆ 12 ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಬೇಕು. ಅದಕ್ಕೇ ಒಂದರೊಳಗೊಂದು ಜಾರುವ ಕೀಲು, ಸ್ಪ್ರಿಂಗ್ ಹಾಕಿದ ಕಲೆಕ್ಟರ್ (ಪೈಪುಗಳು ಸೇರುವ ಭಾಗ), ದಪ್ಪ ಫ್ಲೇಂಜ್. ಬಿಸಿ ತಡೆಯಲು ಪೈಪಿಗೆ ಬಟ್ಟೆ ಪಟ್ಟಿ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಈ ಎಂಜಿನ್‌ನಲ್ಲಿ ಹೆಡರ್ ಇರುವುದು ಕೆಳಗೆ, ಆಯಿಲ್ ಪ್ಯಾನ್ ಪಕ್ಕದಲ್ಲೇ. ಮೇಲಿಂದ ಆಯಿಲ್ ತೊಟ್ಟಿಕ್ಕಿ ಪಟ್ಟಿಗೆ ಇಂಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ. ತಗಡಿನ ಶೀಲ್ಡ್ ಸಾಕು.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ವಿಷಯದಲ್ಲಿ ನನಗೆ ಗೊಂದಲ ಇರಲಿಲ್ಲ. ಕಾರ್ಖಾನೆಯ ಹೆಡರ್‌ನಲ್ಲೇ ಮೊದಲನೇ ಕ್ಯಾಟ್ ಇದೆ, ಅದನ್ನು ತೆಗೆದರೆ ಸುಲಭವಾಗಿ ಪವರ್ ಸಿಗುತ್ತದೆ. ಆದರೂ ಲೋಹದ ಜಾಲರಿಯ ಕ್ಯಾಟ್ ಇರುವುದನ್ನೇ ತಗೊಂಡೆ. ಹೊಗೆ ಒಂದು ಕಾರಣ, ಸದ್ದು ಇನ್ನೊಂದು. ಲಗೂನಾ ಸೆಕಾದಲ್ಲಿ ಬಹುತೇಕ ದಿನ 90 ಡೆಸಿಬೆಲ್ ಮಿತಿ. 5 ಮತ್ತು 6ನೇ ತಿರುವುಗಳ ನಡುವೆ, ಎಲ್ಲರೂ ಪೂರ್ತಿ ಆಕ್ಸಿಲರೇಟರ್ ಒತ್ತಿರುವಾಗಲೇ ಅಳೆಯುತ್ತಾರೆ. ಮೀರಿದರೆ ಕಪ್ಪು ಬಾವುಟ, ಆಡಿದ್ದು ಸಾಕು ಅಂತ ಒಳಗೆ ಕರೆಯುತ್ತಾರೆ. ನನ್ನ ಕಾರು ಈಗ ರಸ್ತೆಗೆ ಇಳಿಯುವುದಿಲ್ಲ, ಟ್ರೈಲರ್ ಮೇಲೇ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯ ಮೇಲೂ ಓಡಿಸುವವರು ಕಾರ್ಬ್ (ಅಲ್ಲಿನ ವಾಯು ಮಾಲಿನ್ಯ ನಿಯಂತ್ರಣ ಮಂಡಳಿ) ಒಪ್ಪಿಗೆಯ ಇಒ ಸಂಖ್ಯೆ ಇರುವ ಹೆಡರ್ ಮಾತ್ರ ನೋಡಬೇಕು.

ಹೆಡರ್ ಸುಮ್ನೆ ಹಾಕಿಬಿಟ್ಟರೆ ತಗ್ಗು ಪೂರ್ತಿ ತುಂಬುವುದಿಲ್ಲ. ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಗೆಯ ಕ್ಯಾಮ್‌ಗಳ (ವಾಲ್ವ್ ತೆರೆಯುವ ಶಾಫ್ಟ್‌ಗಳ) ಟೈಮಿಂಗ್ ಬದಲಿಸಬಹುದು. ಹೊಸ ಪೈಪಿನ ಅಲೆಗೆ ತಕ್ಕಂತೆ ಅದನ್ನು ಮತ್ತೆ ಹೊಂದಿಸಿದಾಗಲೇ ಹೆಡರ್ ತನ್ನ ಬೆಲೆ ತೋರಿಸುವುದು. ಟ್ಯೂನಿಂಗ್ ಖರ್ಚನ್ನೂ ಸೇರಿಸಿಯೇ ಬಜೆಟ್ ಮಾಡಿ. ನನ್ನ ಕಾರಿನಲ್ಲಿ 4,000ದ ಆಸುಪಾಸು ಸುಮಾರು 20 ನ್ಯೂಟನ್ ಮೀಟರ್ ಹೆಚ್ಚಾಯಿತು. ತುದಿಯ ಪವರ್ ಅಷ್ಟೇನೂ ಏರಲಿಲ್ಲ. ಹನ್ನೊಂದನೇ ತಿರುವಿನಿಂದ ಮೂರನೇ ಗೇರಿನಲ್ಲೇ ಹೊರಬಂದು ಸ್ಟಾರ್ಟ್ ಗೆರೆ ದಾಟುವಾಗಿನ ವೇಗ ಡೇಟಾ ಲಾಗರ್‌ನಲ್ಲಿ ಮುಂಚೆಗಿಂತ ಜಾಸ್ತಿ ಕಂಡಿತು. ನನಗೆ ಬೇಕಾಗಿದ್ದೂ ಅದೇ.

ಇದೇ ಸಾಲಿನ ಕಾರುಗಳಲ್ಲಿ 2022ರ ಮಾಡೆಲ್‌ನಿಂದ ಬಂದ 2.4 ಲೀಟರ್ ಎಂಜಿನ್ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರಲ್ಲಿ ಟಾರ್ಕ್‌ನ ಶಿಖರವೇ 3,700ಕ್ಕೆ ಬರುತ್ತದೆ. ಅವರು ತಮ್ಮ ಟ್ರ್ಯಾಕಿನ ನಿಧಾನದ ತಿರುವುಗಳನ್ನು ಹಿಡಿದು ಬೇರೆಯೇ ಲೆಕ್ಕ ಹಾಕಬೇಕು.

ಹಾಕಿದ ಮೇಲೆ ಒಂದೆರಡು ಸೆಷನ್ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಫ್ಲೇಂಜ್ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಗ್ಯಾಸ್ಕೆಟ್ ಅಂಚಿನಲ್ಲಿ ಮಸಿ ಗೆರೆ ಇದೆಯಾ ನೋಡಿ. ಅಲ್ಲಿ ಸೋರಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಮುಂಭಾಗದ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಮ್ಮಿ ಆಯಿತು ಅಂತ ತಪ್ಪು ಓದುತ್ತದೆ. ಕಂಪ್ಯೂಟರ್ ಸುಮ್ಮಸುಮ್ಮನೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಅಷ್ಟು ಹಣ ಕೊಟ್ಟು ಮಾಡಿಸಿದ ಟ್ಯೂನ್ ಹಾಳಾಗುತ್ತದೆ.