ಮನೆಯ ಬಿಲ್ಲು, ಲೆಕ್ಕ ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳುವುದು ಹೇಗೆ?

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಯಲ್ಲಿ, ದೇವರ ಕೋಣೆ ಪಕ್ಕದ ಗೂಡಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬವಿದೆ. ಅಪ್ಪ ಇದ್ದಾಗ ಬಂದ ಕಾಗದವೆಲ್ಲ ಅದರೊಳಗೆ ಹೋಗುತ್ತಿತ್ತು. ತಿಂಗಳ ಮೊದಲ ಭಾನುವಾರ ಡಬ್ಬ ಕೆಳಗಿಳಿಸಿ ಒಂದೊಂದನ್ನೂ ಓದಿ, ಕಟ್ಟಿದ್ದಕ್ಕೆ ಮೂಲೆಯಲ್ಲಿ ಗೆರೆ ಎಳೆದು ಇಡುತ್ತಿದ್ದರು. ಅಪ್ಪ ಹೋದ ಮೇಲೂ ಅಮ್ಮ ಕಾಗದ ಡಬ್ಬಕ್ಕೆ ಹಾಕುವುದನ್ನು ಬಿಡಲಿಲ್ಲ. ಆದರೆ ಕಣ್ಣಿಗೆ ಪೊರೆ ಬಂದಿತ್ತು, ಓದಲು ಆಗುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿದ್ದೆ.

ಯುಗಾದಿಗೆ ಊರಿಗೆ ಹೋದಾಗ ಡಬ್ಬ ತೆರೆದೆ. ಅಮ್ಮನ ಆರೋಗ್ಯ ವಿಮೆ ನವೀಕರಣದ ನೋಟಿಸ್ ಮಡಚಿದ ಹಾಗೇ ಇತ್ತು. ಗಡುವು ಮುಗಿದು ಎರಡು ತಿಂಗಳಾಗಿತ್ತು. ವರ್ಷಕ್ಕೊಮ್ಮೆ ಕಂತು ಕಟ್ಟುವ ಪಾಲಿಸಿಗೆ ಸಾಮಾನ್ಯವಾಗಿ 30 ದಿನ ಗ್ರೇಸ್ ಅವಧಿ ಇರುತ್ತದೆ. ಅದೂ ದಾಟಿದರೆ ಪಾಲಿಸಿ ಹೋದ ಹಾಗೆ. ಹೊಸದು ಮಾಡಿಸಿದರೆ ಹಳೇ ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಅವುಗಳಿಗೆ ವಿಮೆ ಹಣ ಸಿಗದ ಅವಧಿ, ಮತ್ತೆ ಮೊದಲಿಂದ ಶುರು. ಅಮ್ಮನ ಖಾತೆಯಲ್ಲಿ ದುಡ್ಡು ಬೇಕಾದಷ್ಟಿತ್ತು. ಆ ಒಂದು ಕಾಗದ ಓದುವವರು ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಆವತ್ತೇ ತೀರ್ಮಾನ ಮಾಡಿದೆವು, ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳೋಣ ಅಂತ. ಒಂಟಿಯಾಗಿರುವ ಹಿರಿಯರಿಗೆ, ಮಕ್ಕಳು ದೂರ ಇರುವವರಿಗೆ, ಆಸ್ಪತ್ರೆಯಿಂದ ಬಂದು ಮಲಗಿದವರಿಗೆ ಇಂಥ ಸಹಾಯ ಬೇಕೇ ಬೇಕು. ನಾವು ಮಾಡಿಕೊಂಡ ವ್ಯವಸ್ಥೆಯನ್ನು ಹಂತ ಹಂತವಾಗಿ ಹೇಳುತ್ತೇನೆ.

ನಮ್ಮೂರಿಗೆ ಇದು ಹೊಸದೇನಲ್ಲ. ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯಲು ಗುಮಾಸ್ತರು ಯಾವಾಗಿನಿಂದಲೂ ಇದ್ದಾರೆ. ನಮ್ಮಪ್ಪನೂ ಗುಮಾಸ್ತರೇ. ದಿನದ ಕಿರ್ದಿ ಅಪ್ಪ ಬರೆಯುತ್ತಿದ್ದರು, ಗಲ್ಲಾಪೆಟ್ಟಿಗೆ ಬೀಗದ ಕೈ ಸಾವ್ಕಾರರ ಹತ್ತಿರ ಇರುತ್ತಿತ್ತು. "ಬರೆಯೋ ಕೈ ಬೇರೆ, ಬೀಗದ ಕೈ ಬೇರೆ ಇದ್ರೆ ಇಬ್ರಿಗೂ ನಿದ್ದೆ ಬರ್ತದೆ" ಅನ್ನುತ್ತಿದ್ದರು. ಮನೆಗೆ ಜನ ಇಟ್ಟುಕೊಳ್ಳುವಾಗಲೂ ನಾನು ಹಿಡಿದಿದ್ದು ಅದೊಂದೇ ಮಾತು.

1. ಮೊದಲು ಡಬ್ಬ ಖಾಲಿ ಮಾಡಿ

ಯಾರನ್ನೂ ಹುಡುಕುವ ಮುಂಚೆ ಕೆಲಸ ಎಷ್ಟಿದೆ ಅಂತ ಗೊತ್ತಾಗಬೇಕು ಅಲ್ವಾ? ಮನೆಯ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿ. ತಿಂಗಳಿಗೊಮ್ಮೆ ಬರುವುದು, ವರ್ಷಕ್ಕೊಮ್ಮೆ ಬರುವುದು ಅಂತ ಎರಡು ಪಾಲು ಮಾಡಿ.

ತಿಂಗಳದ್ದು ಎಲ್ಲರಿಗೂ ಗೊತ್ತಿರುವುದೇ. ಕರೆಂಟು, ನೀರು, ಗ್ಯಾಸು, ಫೋನು, ಹಾಲು, ಪೇಪರು, ಮೆಡಿಕಲ್ ಶಾಪಿನ ಲೆಕ್ಕ. ಕೈತಪ್ಪುವುದು ಜಾಸ್ತಿ ವರ್ಷದ್ದೇ. ಮನೆ ಕಂದಾಯವನ್ನು ಪಾಲಿಕೆಗೆ ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ತಡ ಮಾಡಿದರೆ ದಂಡ ಬೀಳುತ್ತದೆ. ಠೇವಣಿಯ ಬಡ್ಡಿಗೆ ಟಿಡಿಎಸ್, ಅಂದರೆ ಬ್ಯಾಂಕೇ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯದಂತೆ ಬ್ಯಾಂಕಿಗೆ ಕೊಡುವ ನಮೂನೆಯೂ ಏಪ್ರಿಲ್‌ನದ್ದೇ. ಪಿಂಚಣಿ ಬರುವವರಿಗೆ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ. ಇವುಗಳ ಜೊತೆಗೆ ವಿಮೆ ಕಂತಿನ ದಿನಾಂಕ, ಠೇವಣಿ ಮುಗಿಯುವ ದಿನಾಂಕ. ಇಷ್ಟನ್ನು ಒಂದು ಹಾಳೆಯಲ್ಲಿ ತಿಂಗಳವಾರು ಬರೆದು ಗೋಡೆಗೆ ಅಂಟಿಸಿ.

ಕರೆಂಟ್ ಬಿಲ್ಲಿನ ಬಗ್ಗೆ ಒಂದು ಮಾತು. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಬರುತ್ತದೆ ಅಂತ ಎಷ್ಟೋ ಮನೆಯಲ್ಲಿ ಆ ಚೀಟಿ ನೋಡುವುದನ್ನೇ ಬಿಟ್ಟಿದ್ದಾರೆ. ಬಹಳಷ್ಟು ಮನೆಗಳಿಗೆ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತದ ಮಿತಿ ಹಾಕಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು. ನಮ್ಮ ಕಡೆಯ ಬೇಸಿಗೆಗೆ ಫ್ಯಾನು, ಕೂಲರ್ ಹಗಲೂ ರಾತ್ರಿ ಓಡುತ್ತವೆ. ಏಪ್ರಿಲ್, ಮೇ ತಿಂಗಳ ಚೀಟಿಯನ್ನು ತಪ್ಪದೇ ಓದಿಸಿ.

2. ಜನರಿಲ್ಲದೆ ಆಗುವುದನ್ನು ಮೊದಲು ಕಳೆಯಿರಿ

ಪಟ್ಟಿಯಲ್ಲಿ ಅರ್ಧದಷ್ಟಕ್ಕೆ ಯಾರೂ ಬೇಕಾಗುವುದಿಲ್ಲ. ಫೋನ್, ವಿಮೆಯಂಥ ಕಂತುಗಳನ್ನು ಖಾತೆಯಿಂದ ತಾನಾಗಿಯೇ ಕಟ್ ಆಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಬಹುದು. ನಗರದ ಕರ್ನಾಟಕ ಒನ್ ಕೇಂದ್ರಗಳಲ್ಲಿ ಹಲವು ಬಿಲ್ಲುಗಳನ್ನು ಒಂದೇ ಕಡೆ ಕಟ್ಟಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಒನ್ ಇದೆ. ಅದು 2020ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. 70 ವರ್ಷ ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ನಿಮ್ಮ ಶಾಖೆಯಲ್ಲಿ ಕೇಳಿ. ಜೀವನ ಪ್ರಮಾಣಪತ್ರಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಳ್ಳುವ ವ್ಯವಸ್ಥೆ ಇದೆ, ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು.

ಇಷ್ಟಾದ ಮೇಲೆ ಉಳಿಯುವುದು ಕಾಗದ ಓದುವುದು, ತಪ್ಪು ಕಂಡರೆ ಕಚೇರಿಗೆ ಹೋಗಿ ಕೇಳುವುದು, ರಸೀದಿ ಜೋಡಿಸುವುದು, ನೆನಪಿಸುವುದು. ಒಬ್ಬ ಮನುಷ್ಯ ಬೇಕಾಗುವುದು ಇದಕ್ಕೆ. ನಮ್ಮ ಮನೆಗೆ ತಿಂಗಳಿಗೆ ಎರಡು ಸಲ ಎರಡೆರಡು ಗಂಟೆ ಬಂದರೆ ಸಾಕಾಯಿತು.

3. ಯಾರನ್ನು ಕೇಳುವುದು?

ನಿವೃತ್ತ ಗುಮಾಸ್ತರು, ಬ್ಯಾಂಕ್ ಅಥವಾ ಅಂಚೆ ಕಚೇರಿಯಿಂದ ನಿವೃತ್ತರಾದವರು, ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡಿದವರು. ಇಂಥವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಓದು ಮುಗಿಸಿದ ಬಿ.ಕಾಂ. ಹುಡುಗ ಹುಡುಗಿಯರೂ ಆಗುತ್ತಾರೆ. ನಮಗೆ ಸಿಕ್ಕವರು ಅಪ್ಪನ ಜೊತೆ ಮಂಡಿಯಲ್ಲಿ ಕೆಲಸ ಮಾಡಿದ್ದ ಗುಮಾಸ್ತರೊಬ್ಬರು.

ನೆಂಟರ ಹುಡುಗನಿಗೆ ಹೇಳಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ನಾವೂ ಹಾಗೇ ಶುರು ಮಾಡಿದ್ದು. ಹುಡುಗ ಒಳ್ಳೆಯವನೇ. ಆದರೆ ಪುಕ್ಕಟೆ ಮಾಡಿಕೊಡುವವನ ಹತ್ತಿರ ರಸೀದಿ ಎಲ್ಲಿ ಅಂತ ಕೇಳಲು ಅಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಸಂಬಳ ಕೊಟ್ಟರೆ ಲೆಕ್ಕ ಕೇಳುವುದಕ್ಕೆ ಮುಜುಗರ ಇರುವುದಿಲ್ಲ, ಲೆಕ್ಕ ಕೊಡುವವರಿಗೂ ಬೇಜಾರಿಲ್ಲ.

ಮಾತಾಡಿಸುವಾಗ ಒಂದು ಹಳೇ ಕರೆಂಟ್ ಬಿಲ್ಲು ಕೈಗೆ ಕೊಟ್ಟು, "ಇದರಲ್ಲಿ ಏನಿದೆ ಹೇಳಿ" ಅನ್ನಿ. ಕಟ್ಟಬೇಕಾದ ಮೊತ್ತವನ್ನಷ್ಟೇ ನೋಡುವವರು ಬೇರೆ, ಹಿಂದಿನ ಬಾಕಿ, ಯೂನಿಟ್, ಕೊನೇ ದಿನಾಂಕ ನೋಡುವವರು ಬೇರೆ. ನಮ್ಮ ಗುಮಾಸ್ತರು ಬಿಲ್ಲನ್ನು ಬೆಳಕಿಗೆ ಹಿಡಿದು ಅಮ್ಮನಿಗೆ, "ಹೋದ ತಿಂಗಳು ಕಟ್ಟಿದ್ದು ಇಲ್ಲಿ ಜಮಾ ಆಗಿಲ್ರಿ, ರಸೀದಿ ಐತೇನ್ರಿ?" ಅಂದರು. ಅಮ್ಮ ಅಲ್ಲೇ ಒಪ್ಪಿಬಿಟ್ಟರು.

ಇಬ್ಬರ ಹತ್ತಿರ ವಿಚಾರಿಸಿ. ಪರಿಚಯ ಇಲ್ಲದವರಾದರೆ ಪೊಲೀಸ್ ಪರಿಶೀಲನೆ ಮಾಡಿಸಿ, ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ವಿಮೆ ಮಾರುವವರು, ಚೀಟಿ ನಡೆಸುವವರು ಈ ಕೆಲಸಕ್ಕೆ ಬೇಡವೇ ಬೇಡ. ಮನೆಯಲ್ಲಿ ದುಡ್ಡು ಎಷ್ಟಿದೆ ಅಂತ ಅವರಿಗೆ ಗೊತ್ತಾಗುವುದೇ ತೊಂದರೆ. ದುಡ್ಡು ಎಲ್ಲಿ ಹೂಡಬೇಕು ಅನ್ನುವ ಸಲಹೆ ಬೇಕಾದರೆ ಷೇರುಪೇಟೆ ನಿಯಂತ್ರಿಸುವ ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರು ಬೇರೆ ಇದ್ದಾರೆ, ಅವರನ್ನೇ ಕೇಳಿ.

4. ಮಾತನ್ನು ಹಾಳೆ ಮೇಲೆ ಬರೆಯಿರಿ

ಒಂದೇ ಪುಟ ಸಾಕು. ಯಾವ ಕೆಲಸ, ಯಾವ ದಿನ, ಸಂಬಳ ಎಷ್ಟು, ಆಟೋ ಖರ್ಚು ಯಾರದ್ದು, ಏನು ಮಾಡಬಾರದು. ಇಬ್ಬರೂ ಸಹಿ ಹಾಕಿ. ನಾವು ಎರಡು ಭೇಟಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತೇವೆ. ಕಟ್ಟಿದ ಬಿಲ್ಲಿಗೆ ಇಷ್ಟು ಪರ್ಸೆಂಟ್ ಅನ್ನುವ ಲೆಕ್ಕ ಬೇಡ. ಮೊದಲ ಮೂರು ತಿಂಗಳು ನೋಡೋಣ ಅಂತ ಆರಂಭದಲ್ಲೇ ಹೇಳಿಬಿಡಿ.

5. ಬೀಗದ ಕೈ ಯಾರ ಹತ್ತಿರ?

ಇಲ್ಲಿ ಅವಸರ ಬೇಡ, ನಿಧಾನವಾಗಿ ಓದಿ.

ಪಿಂಚಣಿ ಅಥವಾ ಉಳಿತಾಯ ಇರುವ ಖಾತೆ ಬೇರೆ, ಬಿಲ್ಲು ಕಟ್ಟುವ ಖಾತೆ ಬೇರೆ ಇರಬೇಕು. ಖರ್ಚಿಗೆಂದೇ ಇನ್ನೊಂದು ಖಾತೆ ತೆಗೆಯಿರಿ. ಪ್ರತಿ ತಿಂಗಳು ಇಷ್ಟು ರೂಪಾಯಿ ಅಲ್ಲಿಗೆ ಹೋಗಲಿ ಅಂತ ಬ್ಯಾಂಕಿಗೆ ಸೂಚನೆ ಕೊಡಿ. ಏನೇ ಎಡವಟ್ಟಾದರೂ ಹೋಗುವುದು ಆ ಖಾತೆಯಲ್ಲಿ ಇದ್ದಷ್ಟೇ. ನಮ್ಮದು ಅಮ್ಮನ ಮತ್ತು ನನ್ನ ಜಂಟಿ ಖಾತೆ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು. ಸಹಾಯಕ್ಕೆ ಬಂದವರ ಹೆಸರನ್ನು ಮಾತ್ರ ಜಂಟಿ ಖಾತೆಗೆ ಸೇರಿಸಬೇಡಿ. ಸೇರಿಸಿದರೆ ಕಾಗದದ ಮೇಲೆ ಅವರೂ ಖಾತೆದಾರರಾಗುತ್ತಾರೆ.

ಪಿನ್, ಒಟಿಪಿ, ಪಾಸ್‌ವರ್ಡ್ ಯಾರಿಗೂ ಇಲ್ಲ. ಎಷ್ಟೇ ನಂಬಿಕಸ್ತರಾದರೂ ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನೀವೂ ಬ್ಯಾಂಕೂ ತಪ್ಪು ಮಾಡದೆ ಹೊರಗಿನವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದಾಗ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಪಿನ್ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ನಿಮ್ಮದೇ.

ಹಾಗಾದರೆ ಅವರು ಬಿಲ್ಲು ಕಟ್ಟುವುದು ಹೇಗೆ? 2024ರಲ್ಲಿ ಬಂದ ಯುಪಿಐ ಸರ್ಕಲ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಖಾತೆ ನಿಮ್ಮದು, ಇನ್ನೊಬ್ಬರು ಅವರ ಫೋನಿನಿಂದ ಪಾವತಿ ಶುರು ಮಾಡಬಹುದು. ಇದರಲ್ಲಿ ಎರಡು ಬಗೆ. ಒಂದರಲ್ಲಿ ನೀವು ಮೊದಲೇ ಮಿತಿ ಹಾಕಿಡುತ್ತೀರಿ, ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000 ರೂಪಾಯಿ. ಆ ಮಿತಿಯೊಳಗೆ ಅವರೇ ಕಟ್ಟಬಹುದು. ಇನ್ನೊಂದರಲ್ಲಿ ಪ್ರತಿ ಸಲವೂ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ, ನೀವು ಪಿನ್ ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ನಾವು ಆರಿಸಿಕೊಂಡಿದ್ದು ಎರಡನೆಯದನ್ನು. ಗುಮಾಸ್ತರು ಮೆಡಿಕಲ್ ಶಾಪಿನಲ್ಲಿ ನಿಂತು ಸ್ಕ್ಯಾನ್ ಮಾಡುತ್ತಾರೆ, ಬೆಂಗಳೂರಿನಲ್ಲಿ ನನ್ನ ಫೋನ್ ಟಿಂಗ್ ಅನ್ನುತ್ತದೆ, ಮೊತ್ತ ನೋಡಿ ಪಿನ್ ಒತ್ತುತ್ತೇನೆ. ಅಪ್ಪ ಇದ್ದಿದ್ದರೆ ಇದನ್ನು ನೋಡಿ ಬಹಳ ಖುಷಿ ಪಡುತ್ತಿದ್ದರು.

ಚೆಕ್ ಬಳಸುವವರು ಹೆಸರು, ಮೊತ್ತ ಬರೆಯದೆ ಸಹಿ ಹಾಕಿ ಇಡಬೇಡಿ. ಮೇಲಿನ ಎಡಮೂಲೆಯಲ್ಲಿ ಎರಡು ಗೆರೆ ಎಳೆಯಿರಿ, ಆಗ ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಖಾತೆಗೇ ಹೋಗಬೇಕು.

ಆಧಾರ್ ಜೆರಾಕ್ಸ್ ಕೇಳಿದ ಕಡೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ ಆಧಾರ್ ಕೊಡಿ. ಬೆರಳಚ್ಚಿನಿಂದಲೇ ಖಾತೆಯ ಹಣ ತೆಗೆಯುವ ಸೌಲಭ್ಯ ಇರುವುದರಿಂದ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡುವುದು, ಅಂದರೆ ಬೆರಳಚ್ಚು ಬಳಕೆಯಾಗದಂತೆ ಬೀಗ ಹಾಕಿಡುವುದು, ಒಳ್ಳೆಯದು. ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರಕ್ಕೆ ಬೆರಳು ಒತ್ತುವ ಮುಂಚೆ ಅದನ್ನು ತೆರೆಯಬೇಕು, ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಸುಮ್ನೆ ವಾಪಸ್ ಹೋಗಬೇಕಾಗುತ್ತದೆ.

ಕೆಲವರು ನೇರವಾಗಿ ಮುಖ್ತ್ಯಾರು ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಮಾಡಿಕೊಡಲು ಹೊರಡುತ್ತಾರೆ. ಬಿಲ್ಲು ಕಟ್ಟುವುದಕ್ಕೆ ಅಷ್ಟು ದೊಡ್ಡ ಅಧಿಕಾರ ಬೇಕಿಲ್ಲ. ಯಾವುದಾದರೂ ಕಚೇರಿ ಕೆಲಸಕ್ಕೆ ಬೇಕೇ ಬೇಕಾದರೆ ಆ ಒಂದು ಕೆಲಸಕ್ಕೆ ಮಾತ್ರ, ಅದೂ ಮನೆಯವರ ಹೆಸರಿಗೆ, ವಕೀಲರನ್ನು ಕೇಳಿ ಮಾಡಿಸಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯ ಮುಖ್ತ್ಯಾರು ಪತ್ರ ನಡೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಮರೆವಿನ ಕಾಯಿಲೆ ಶುರುವಾದ ಮನೆಗಳಲ್ಲಿ ಇದನ್ನೇ ನಂಬಿ ಕೂತವರು ಆಮೇಲೆ ಕಷ್ಟಪಡುತ್ತಾರೆ.

6. ಒಂದು ಪುಸ್ತಕ

ಆ್ಯಪ್ ಬೇಡ. 200 ಪುಟದ ಉದ್ದ ಪುಸ್ತಕ ತನ್ನಿ. ನಮ್ಮ ಮನೆಯ ಪುಟ ಹೀಗಿದೆ. ಎಡಕ್ಕೆ ದಿನಾಂಕ, ಆಮೇಲೆ ಯಾವುದಕ್ಕೆ ಕೊಟ್ಟಿದ್ದು, ಮೊತ್ತ, ಹೇಗೆ ಕಟ್ಟಿದ್ದು, ರಸೀದಿ ನಂಬರು. ಕೊನೆಯಲ್ಲಿ ಅಮ್ಮನ ಸಹಿಗೆ ಜಾಗ. ರಸೀದಿಗಳಿಗೂ ಅದೇ ನಂಬರು ಬರೆದು, ತಂತಿಗೆ ಚುಚ್ಚಿಡುತ್ತಾರೆ, ಮಂಡಿಯಲ್ಲಿ ಮಾಡುವ ಹಾಗೇ. ಬರೆದಿದ್ದನ್ನು ಗುಮಾಸ್ತರು ಜೋರಾಗಿ ಓದುತ್ತಾರೆ, ಅಮ್ಮ ಕೇಳಿಸಿಕೊಂಡು ಸಹಿ ಹಾಕುತ್ತಾರೆ. ತಪ್ಪಾದರೆ ಅಳಿಸುವ ಹಾಗಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು.

ಕಣ್ಣು ಕಾಣದಿದ್ದರೂ ತನ್ನ ದುಡ್ಡು ಎಲ್ಲಿಗೆ ಹೋಯಿತು ಅಂತ ಅಮ್ಮನಿಗೆ ಗೊತ್ತಿರುತ್ತದೆ. ಆರನೇ ತಿಂಗಳು ಓದುತ್ತಿದ್ದಾಗ ಅಮ್ಮನೇ ತಡೆದು, "ಗುಮಾಸ್ತರೇ, ಈ ತಿಂಗಳು ಹಾಲು ನಾಲ್ಕು ದಿನ ಬೇಡ ಅಂದಿದ್ದೆ, ಅದು ಕಳೆದಿಲ್ಲ ನೋಡಿ" ಅಂದರು. ಹಾಲಿನವರ ಹತ್ತಿರ ಕೇಳಿದಾಗ ಅಮ್ಮನ ಲೆಕ್ಕವೇ ಸರಿ ಇತ್ತು.

7. ತಿಂಗಳಿಗೊಮ್ಮೆ ನೀವು ನೋಡಿ

ಪಾಸ್‌ಬುಕ್ ಎಂಟ್ರಿ ಮಾಡಿಸಿ, ಪುಸ್ತಕದ ಪಕ್ಕ ಇಟ್ಟು ಹೋಲಿಸಿ. ಅರ್ಧ ಗಂಟೆ ಕೆಲಸ. ದೂರ ಇದ್ದರೆ ಪುಟದ ಫೋಟೋ ತರಿಸಿಕೊಳ್ಳಿ. ಬ್ಯಾಂಕಿನ ಎಸ್‌ಎಂಎಸ್ ಮನೆಯವರ ನಂಬರಿಗೇ ಬರಬೇಕು, ಸಹಾಯಕರದ್ದಕ್ಕಲ್ಲ.

ರಸೀದಿ ಆಮೇಲೆ ಕೊಡ್ತೀನಿ ಅನ್ನುವುದು ಎರಡು ಸಲ ಆದರೆ, ನಿಮ್ಮ ಫೋನನ್ನು ಅವರ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರೆ, ಮಕ್ಕಳಿಗೆ ಹೇಳಬೇಡಿ ಅಂದರೆ, ಅವತ್ತೇ ನಿಲ್ಲಿಸಿ. ಆನ್‌ಲೈನಿನಲ್ಲಿ ಹಣ ಹೋಗಿದ್ದು ಕಂಡರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಿರಿಯರು ತಮ್ಮ ತೊಂದರೆ ಹೇಳಿಕೊಳ್ಳಲು 14567 ಸಹಾಯವಾಣಿ ಇದೆ. ಈ ಎರಡು ನಂಬರನ್ನೂ ಗೋಡೆಯ ಹಾಳೆಯಲ್ಲಿ ದಪ್ಪಗೆ ಬರೆದಿಡಿ.

8. ಅವರು ಬಿಟ್ಟು ಹೋಗುವಾಗ

ಜಗಳವಾಗಿಯೇ ಬಿಡಬೇಕೆಂದಿಲ್ಲ, ಅವರಿಗೂ ವಯಸ್ಸಾಗುತ್ತದೆ. ಯುಪಿಐ ಸರ್ಕಲ್‌ನಿಂದ ಅವರನ್ನು ತೆಗೆಯಿರಿ. ಬ್ಯಾಂಕಿಗೆ ಯಾವುದಾದರೂ ಅಧಿಕಾರ ಪತ್ರ ಕೊಟ್ಟಿದ್ದರೆ ರದ್ದು ಅಂತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕಾಗದ, ಚೆಕ್‌ಬುಕ್, ಮನೆ ಕೀಲಿ ಎಣಿಸಿ ವಾಪಸ್ ತೆಗೆದುಕೊಳ್ಳಿ. ಪುಸ್ತಕದ ಕೊನೆಯ ಸಾಲಿನ ಕೆಳಗೆ ಅವತ್ತಿನ ಬಾಕಿ ಬರೆದು, ಅವರು, ನೀವು, ಹೊಸದಾಗಿ ಬರುವವರು ಮೂವರೂ ಸಹಿ ಹಾಕಿ. ಮುಂದಿನವರು ಅದರ ಕೆಳಗಿನ ಸಾಲಿನಿಂದಲೇ ಬರೆಯಲಿ.