ಈಜುಕೊಳದ ಬೀಗ ತೆಗೆಸಬೇಕೆ? ಮೊದಲು ಕಾಗದಪತ್ರ ಕೇಳಿ

ಊರಿನ ಈಜುಕೊಳಕ್ಕೆ ಬೀಗ ಬಿದ್ದರೆ ಮಕ್ಕಳು ಈಜುವುದನ್ನು ಬಿಡುವುದಿಲ್ಲ. ಬೇರೆ ನೀರು ಹುಡುಕಿಕೊಂಡು ಹೋಗುತ್ತಾರೆ. ದಾವಣಗೆರೆಯಲ್ಲಿ ಆ ಬೇರೆ ನೀರು ಎಂದರೆ ಭದ್ರಾ ನಾಲೆ. ಅದರ ಇಳಿಜಾರು ಜಾರುತ್ತದೆ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಸೆಳೆತ ದಡದಿಂದ ಕಾಣುವುದಿಲ್ಲ. ಕೊಳ ಉಳಿಸುವುದು ಶೋಕಿಯ ವಿಷಯ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮಕ್ಕಳ ಜೀವದ ವಿಷಯ.

ಮೊದಲ ಕೆಲಸ, ಕೊಳ ಯಾರಿಗೆ ಸೇರಿದ್ದು ಎಂದು ತಿಳಿಯುವುದು. ಮಹಾನಗರ ಪಾಲಿಕೆಯದ್ದೋ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದೋ, ಗುತ್ತಿಗೆಗೆ ಕೊಟ್ಟಿದ್ದಾರೋ? ಇದು ಗೊತ್ತಿಲ್ಲದೆ ಮನವಿ ಕೊಟ್ಟರೆ ಅದು ಮೇಜಿನಿಂದ ಮೇಜಿಗೆ ಸುಮ್ನೆ ಅಲೆಯುತ್ತದೆ.

ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಇಡೀ ಹೋರಾಟದಲ್ಲಿ ಇದೇ ಮುಖ್ಯ. 2005ರ ಕಾಯ್ದೆಯಡಿ ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತದೆ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. 'ಕೊಳ ಯಾಕೆ ಮುಚ್ಚಿದಿರಿ?' ಎಂದು ಬರೆಯಬೇಡಿ. ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವುದು ಸುಲಭ. ಕಡತದಲ್ಲಿರುವ ಕಾಗದ ಕೇಳಿ: ಕೊಳ ಮುಚ್ಚಿದ ಆದೇಶದ ಪ್ರತಿ, ಕಳೆದ 3 ವರ್ಷದ ದುರಸ್ತಿ ಖರ್ಚು, ಕರೆಂಟ್ ಬಿಲ್, ಟಿಕೆಟ್ ಆದಾಯ, ಗುತ್ತಿಗೆ ಒಪ್ಪಂದದ ಪ್ರತಿ. ಅರ್ಜಿ ಕೊಟ್ಟ ಸ್ವೀಕೃತಿ ಪಡೆಯದೆ ಬರಬೇಡಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗವಿದೆ.

ಉತ್ತರ ಬರುವವರೆಗೆ ಜನರನ್ನು ಸೇರಿಸಿ. ಕೊಳದ ಹಳೆಯ ಈಜುಗಾರರು, ಶಾಲೆಗಳ ಪಿಇ ಮೇಷ್ಟ್ರು, ಮಂಡಿನೋವಿಗೆ ವೈದ್ಯರು ಈಜು ಹೇಳಿದ ಹಿರಿಯರು, ಎಲ್ಲರೂ ಬರಲಿ. ಹೆಣ್ಣುಮಕ್ಕಳನ್ನು ಹೆಸರಿಗೆ ಮಾತ್ರ ಕರೆಯಬೇಡಿ. ಅವರಿಗೆ ಬೇರೆ ಸಮಯ, ಮಹಿಳಾ ತರಬೇತುದಾರರು, ಚಿಲಕ ಸರಿಯಿರುವ ಬಟ್ಟೆ ಬದಲಿಸುವ ಕೋಣೆ ಬೇಕು. ಈ ಬೇಡಿಕೆ ಪಟ್ಟಿಯ ಕೊನೆಗೆ ಹೋಗಬಾರದು. ಸಭೆಗೆ ಹಾಲ್ ಬೇಕಿಲ್ಲ, ಪಾರ್ಕ್ ಸಾಕು. ಮಂಡಕ್ಕಿ-ಮಿರ್ಚಿ ತರಿಸಿದರೆ ನಮ್ಮೂರಲ್ಲಿ ಜನ ಇನ್ನೊಂದು ಗಂಟೆ ಕೂರುತ್ತಾರೆ. ಬೇಕಿದ್ದರೆ ಮುಂದೆ ಸಂಘ ಮಾಡಿಕೊಳ್ಳಬಹುದು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸಾಕು.

ಈಗ ನಿಮಗೆ ಖಂಡಿತ ಎದುರಾಗುವ ಪ್ರಶ್ನೆ: 'ಕುಡಿಯೋಕೇ ನೀರಿಲ್ಲ, ಈಜೋಕೆ ಬೇಕಾ?' ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯ ನೀರು ಕುಡಿಯುವ ಊರಿನಲ್ಲಿ ಇದು ನ್ಯಾಯವಾದ ಪ್ರಶ್ನೆ. ಸಿಟ್ಟಾಗಬೇಡಿ, ಲೆಕ್ಕ ಹೇಳಿ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಸುಮಾರು 4.7 ಲಕ್ಷ ಲೀಟರ್ ನೀರು ಬೇಕು. ಆದರೆ ಫಿಲ್ಟರ್ ಸರಿಯಿದ್ದರೆ ಇದನ್ನು ವಾರವಾರ ಬದಲಿಸಬೇಕಿಲ್ಲ. ಪಂಪು ಅದೇ ನೀರನ್ನು ಮರಳಿನ ಫಿಲ್ಟರ್ ಮೂಲಕ ತಿರುಗಿಸುತ್ತಿರುತ್ತದೆ. ಆವಿಯಾಗಿದ್ದು, ಚೆಲ್ಲಿದ್ದು, ಫಿಲ್ಟರ್ ತೊಳೆಯಲು ಹೋದದ್ದು ಇಷ್ಟನ್ನೇ ಮತ್ತೆ ತುಂಬಬೇಕು. ನೀರು ಜಾಸ್ತಿ ಪೋಲಾಗುವುದು ಫಿಲ್ಟರ್ ಕೆಟ್ಟು ನೀರು ಹಸಿರಾದಾಗ, ಇಲ್ಲವೇ ಕೊಳದ ತಳ, ಪೈಪು ಸೋರಿದಾಗ. ಅದಕ್ಕೇ ಮನವಿಯಲ್ಲಿ ಬಣ್ಣ, ಟೈಲ್ಸ್ ಕೇಳುವ ಮೊದಲು ಫಿಲ್ಟರ್ ಮತ್ತು ಸೋರಿಕೆಯ ರಿಪೇರಿ ಕೇಳಿ. ಹೊಸ ಬಣ್ಣ ಬಳಿದು ಉದ್ಘಾಟನೆ ಮಾಡಿದ ಕೊಳ ಫಿಲ್ಟರ್ ಇಲ್ಲದೆ ಮತ್ತೆ ಮುಚ್ಚಿಹೋಗುವುದು ತಪ್ಪುವುದಿಲ್ಲ.

ಮನವಿ ಒಂದು ಪುಟ ಸಾಕು. ಪಾಲಿಕೆಯ ಕೊಳವಾದರೆ ಆಯುಕ್ತರಿಗೆ ಕೊಟ್ಟು, ಜಿಲ್ಲಾಧಿಕಾರಿ ಮತ್ತು ಶಾಸಕರಿಗೆ ಪ್ರತಿ ಕೊಡಿ. ಸಮಯವೂ ನೋಡಿಕೊಳ್ಳಿ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಅದಕ್ಕೂ ಮೊದಲು ಪಾಲಿಕೆ ಕರೆಯುವ ಬಜೆಟ್ ಪೂರ್ವಭಾವಿ ಸಭೆಯಲ್ಲಿ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, ಇಂಥ ರಿಪೇರಿಗೆ ಇಷ್ಟು ಹಣ ಇಡಿ ಎಂದು ಕೇಳಬೇಕು. ಏಪ್ರಿಲ್‌ನಲ್ಲಿ ಬಿಸಿಲಿಗೆ ನೆನಪಾಗಿ ಹೋದರೆ ಹಣ ಬೇರೆ ಕಡೆ ಹಂಚಿಹೋಗಿರುತ್ತದೆ.

ಬಾಗಿಲು ತೆರೆದ ದಿನ ಫೋಟೊ ತೆಗೆಸಿಕೊಂಡು ಮನೆಗೆ ಹೋಗಬೇಡಿ. ತಿಂಗಳಿಗೊಮ್ಮೆ ಇಬ್ಬರು ಹೋಗಿ ನೀರಿನ ಪರೀಕ್ಷೆಯ ಪುಸ್ತಕ ನೋಡಿ. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8ರೊಳಗೆ, ಕ್ಲೋರಿನ್ ಪ್ರತಿ ಲೀಟರ್‌ಗೆ 1ರಿಂದ 3 ಮಿಲಿಗ್ರಾಂ ಇದ್ದರೆ ಸರಿ. ನೀರು ತಿಳಿಯಾಗಿರಬೇಕು, ಆಳದ ಕಡೆಯ ತಳ ದಡದಿಂದ ಕಾಣಬೇಕು. ಕೊಳದಲ್ಲಿ ಜನ ಇರುವಷ್ಟು ಹೊತ್ತೂ ಜೀವರಕ್ಷಕರು ದಡದಲ್ಲೇ ಇದ್ದಾರಾ ಎಂದು ನೋಡಿ. ಇಲ್ಲದಿದ್ದರೆ ಅಂದೇ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.