ಡಬಲ್ ಬೇಸ್‌ಗೆ ಕಂಪ್ರೆಸರ್ ಹಾಕುವ ಮುಂಚೆ

ಪಿಯೆಜೋ ಪಿಕಪ್ (ವಾದ್ಯದ ಅದುರನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ) ಇರುವ ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ಅನ್ನು ನೇರವಾಗಿ ಕಂಪ್ರೆಸರ್‌ಗೆ (ಜೋರಾದ ಸದ್ದನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಸಾಧನ) ಕೊಡಬೇಡಿ. ಮಧ್ಯೆ ಸಿಗ್ನಲ್ ಬಲಪಡಿಸುವ ಪ್ರೀಆಂಪ್ ಇರಲಿ. ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಕಡೇಪಕ್ಷ 1 ಮೆಗಾಓಮ್ ಇರಬೇಕು, ಇಲ್ಲದಿದ್ದರೆ ಕೆಳಗಿನ ಸ್ವರಗಳೇ ಸೊರಗುತ್ತವೆ. ತೀರಾ ತಗ್ಗಿನ ಸದ್ದನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಇದ್ದರೆ 35 ಹರ್ಟ್ಸ್ ಹತ್ತಿರ ಇಡಿ. ಸ್ಟೇಜಿನ ಗುಡುಗುಡು ಸದ್ದಿಗೆಲ್ಲ ಕಂಪ್ರೆಸರ್ ಸುಮ್ನೆ ಕೆಲಸ ಮಾಡುವುದು ತಪ್ಪುತ್ತದೆ.

ಅಟ್ಯಾಕ್ (ಸದ್ದು ಜೋರಾದಾಗ ಕಂಪ್ರೆಸರ್ ಹಿಂಡಲು ತೆಗೆದುಕೊಳ್ಳುವ ಸಮಯ) ವಿಷಯದಲ್ಲಿ ಅವಸರ ಬೇಡ. ಎಲ್ಲಕ್ಕಿಂತ ತಗ್ಗಿನ ಇ ತಂತಿ ಸುಮಾರು 41 ಹರ್ಟ್ಸ್, ಅಂದರೆ ಒಂದು ಅಲೆಗೆ 24 ಮಿಲಿಸೆಕೆಂಡ್. ಅಟ್ಯಾಕ್, ರಿಲೀಸ್ (ಹಿಂಡುವುದನ್ನು ಬಿಡಲು ಬೇಕಾದ ಸಮಯ) ಎರಡೂ ಅದಕ್ಕಿಂತ ತುಂಬಾ ಚುರುಕಾದರೆ ಕಂಪ್ರೆಸರ್ ಪ್ರತಿ ಅಲೆಯನ್ನೂ ಹಿಂಡುತ್ತದೆ, ಸದ್ದು ಗೊರಗೊರ ಅನ್ನುತ್ತದೆ. ನಾನು ಅಟ್ಯಾಕ್ 30, ರಿಲೀಸ್ 200 ಮಿಲಿಸೆಕೆಂಡ್, ರೇಶಿಯೋ 3:1 (ಮಿತಿ ದಾಟಿದ ಪ್ರತಿ 3 ಡೆಸಿಬೆಲ್‌ಗೆ 1 ಮಾತ್ರ ಹೊರಬರುವಂತೆ) ಇಟ್ಟು ಶುರು ಮಾಡುತ್ತೇನೆ. ಬೆರಳು ತಂತಿ ಬಿಡುವಾಗಿನ ಆ ‘ಠಕ್’ ಉಳಿಯಬೇಕು ಅಲ್ವಾ? ಜೋರಾಗಿ ಮೀಟಿದಾಗ ಮೀಟರ್ 3–4 ಡೆಸಿಬೆಲ್ ಇಳಿದರೆ ಸಾಕು.

ನಿಜವಾದ ತಲೆನೋವು ಮೇಕಪ್ ಗೇನ್, ಅಂದರೆ ಹಿಂಡಿ ತಗ್ಗಿದ ಸದ್ದನ್ನು ಮತ್ತೆ ಏರಿಸುವುದು. ನೀವು ನುಡಿಸದೆ ನಿಂತಿದ್ದರೂ ಆ ಗೇನ್ ಇದ್ದೇ ಇರುತ್ತದೆ. ಆಂಪ್ ಸದ್ದಿಗೆ ಬೇಸ್‌ನ ಮೈ ಅದುರಿ, ಅದೇ ಮತ್ತೆ ಪಿಕಪ್‌ಗೆ ಹೋಗಿ ಗುಂಯ್ ಅಂತ ಫೀಡ್‌ಬ್ಯಾಕ್ ಶುರು. ಹಾಗಾಗಿ ಒಂದೆರಡು ಡೆಸಿಬೆಲ್‌ಗಿಂತ ಜಾಸ್ತಿ ಕೊಡಬೇಡಿ.

ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಎಲ್ಲಕ್ಕಿಂತ ಕೊನೆಗೆ. ಅದು ಸ್ಪೀಕರ್ ಕಾಯಲಿಕ್ಕೆ, ಟೋನ್‌ಗಲ್ಲ. ರಾಕಬಿಲಿ ಸ್ಲ್ಯಾಪ್ (ತಂತಿಯನ್ನು ಎಳೆದು ಬಡಿಯುವ ಶೈಲಿ) ನುಡಿಸುವವರು ತಮ್ಮ ಅತಿ ಜೋರಿನ ಹೊಡೆತಕ್ಕೆ ಮಾತ್ರ ಕೆಂಪು ದೀಪ ಮಿನುಗುವಂತೆ ಥ್ರೆಶೋಲ್ಡ್ (ಲಿಮಿಟರ್ ಕೆಲಸ ಶುರು ಮಾಡುವ ಮಿತಿ) ಇಡಿ. ಕಮಾನು ಹಿಡಿದಾಗ ಕಂಪ್ರೆಸರ್ ಬೈಪಾಸ್ ಮಾಡಿಬಿಡಿ (ಸಿಗ್ನಲ್ ಅದರ ಕೆಲಸವಿಲ್ಲದೆ ದಾಟಿಹೋಗಲಿ), ಏರಿಳಿತ ಕೈಯಲ್ಲೇ ಇರಲಿ.